ಮೂವರು ಡಾಕ್ಟರು, ಮೂರು ಹೆಸರು: ನನ್ನ ತಲೆಸುತ್ತು ಕುತ್ತಿಗೆಯದಾ, ಕಿವಿಯದಾ, ಮೈಗ್ರೇನಾ?

ಬುಗುರಿ
ಎಲ್ಲರಿಗೂ ನಮಸ್ಕಾರ. ವಯಸ್ಸು 41, ಊರು ದಾವಣಗೆರೆ. ಎಂಟು ತಿಂಗಳಿಂದ ತಲೆಸುತ್ತು.

ಮೊದಲ ಸಲ ಆಗಿದ್ದು ಬೆಳಿಗ್ಗೆ, ಅಲಾರಂ ನಿಲ್ಲಿಸೋಣ ಅಂತ ಎಡಕ್ಕೆ ಹೊರಳಿದಾಗ. ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು. ಅದರಲ್ಲೇನು ಅಂತೀರಾ, ಆಗ ಮನೆಯಲ್ಲಿ ಕರೆಂಟೇ ಇರಲಿಲ್ಲ! ಮಂಚದ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದೆ, ಅರ್ಧ ನಿಮಿಷಕ್ಕೆ ನಿಂತಿತು. ಈಗಲೂ ಎಡಕ್ಕೆ ಹೊರಳಿದರೆ, ಅಟ್ಟದ ಡಬ್ಬಿ ತೆಗೆಯೋಕೆ ತಲೆ ಎತ್ತಿದರೆ ಹಾಗೇ ಆಗುತ್ತದೆ.

ಇನ್ನೊಂದು ಥರದ್ದೂ ಬರುತ್ತದೆ. ಎಡಗಿವಿ ಹತ್ತಿ ತುರುಕಿದ ಹಾಗೆ ಕಟ್ಟಿಕೊಳ್ಳುತ್ತದೆ, ಗುಂಯ್ ಅಂತ ಸದ್ದು, ಆಮೇಲೆ ಎರಡು ಮೂರು ಗಂಟೆ ಇಡೀ ಕೋಣೆ ತಿರುಗುತ್ತದೆ. ವಾಂತಿ. ಟ್ಯೂಬ್‌ಲೈಟ್ ನೋಡೋಕಾಗಲ್ಲ. ಇದು ಇಲ್ಲಿವರೆಗೆ ನಾಲ್ಕು ಸಲ ಬಂದಿದೆ.

ಮೊದಲು ತೋರಿಸಿದ ಡಾಕ್ಟರು ಸರ್ವೈಕಲ್ ಅಂದು ಕುತ್ತಿಗೆಗೆ ಬೆಲ್ಟ್ ಹಾಕಿಸಿದರು. ಎರಡನೆಯವರು ಮೆನಿಯರ್ಸ್, ಅಂದರೆ ಒಳಕಿವಿಯ ಕಾಯಿಲೆ, ಉಪ್ಪು ಬಿಡಿ ಅಂದರು. ಮೂರನೆಯವರು ಮೈಗ್ರೇನ್ ಅಂದರು. ಎಂಆರ್‌ಐ ನಾರ್ಮಲ್. ನಮ್ಮತ್ತೆ ಪಿತ್ತ ಅಂತಾರೆ. ವರ್ಟಿನ್ ಎರಡು ಹೊತ್ತು ನುಂಗುತ್ತಿದ್ದೇನೆ. ಯಾರನ್ನು ನಂಬಲಿ?

ಹಳೇಬಸ್ಸು
ಅಕ್ಕಾ, ಬೆಲ್ಟ್ ತೆಗೆದು ಮೂಲೆಗಿಡಿ. ನನಗೂ ಡಿಟ್ಟೋ ಇದೇ. ಸಿಲಿಂಡರ್ ಬದಲಾಯಿಸೋಕೆ ಬಗ್ಗಿ ಎದ್ದೆ, ಅಡುಗೆಮನೆ ಗೋಡೆ ನನ್ನ ಮೇಲೇ ಬಂತು. ಹಾರ್ಟ್ ಅಂದುಕೊಂಡು ಇಸಿಜಿ ಮಾಡಿಸಿದೆ, ಸ್ಕ್ಯಾನ್ ಮಾಡಿಸಿದೆ, ದುಡ್ಡು ಸುರಿದೆ. ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರು ನನ್ನನ್ನು ಕೂರಿಸಿ, ತಲೆ ಒಂದು ಕಡೆ ತಿರುಗಿಸಿ, ಸರ್ರನೆ ಹಿಂದಕ್ಕೆ ಮಲಗಿಸಿ ಕಣ್ಣನ್ನೇ ನೋಡುತ್ತಾ ನಿಂತರು. ಕಣ್ಣುಗುಡ್ಡೆ ಪಟಪಟ ಹೊಡೆದುಕೊಂಡಿತಂತೆ. ಬಿಪಿಪಿವಿ ಅಂದರು, ತಲೆ ಹೊರಳಿಸಿದಾಗ ಬರುವ ತಲೆಸುತ್ತಂತೆ. ಅಲ್ಲೇ ತಲೆಯನ್ನು ನಾಲ್ಕು ಭಂಗಿಯಲ್ಲಿ ತಿರುಗಿಸಿದರು, ಎಪ್ಲಿ ಅಂತಾರೆ ಅದಕ್ಕೆ. ಐದು ನಿಮಿಷದ ಕೆಲಸ, ಒಂದೇ ಸಲಕ್ಕೆ ಹೋಯಿತು. ನಿಮ್ಮದೂ ಅದೇ, ಉಳಿದದ್ದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ.

ಕಿವಿಮಾತು
ಮೈಸೂರಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹಳೇಬಸ್ಸು ಅವರು ಅರ್ಧ ಸರಿ.

ಹೊರಳಿದಾಗ ಬಂದು ಒಂದು ನಿಮಿಷದೊಳಗೆ ನಿಲ್ಲುವುದು, ಹೌದು, ಬಿಪಿಪಿವಿ ಲಕ್ಷಣವೇ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆ, ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ. ಅವು ಇರಬೇಕಾದ ಜಾಗ ಬಿಟ್ಟು ಅರ್ಧಚಂದ್ರದ ಥರದ ಕೊಳವೆಗೆ ಜಾರಿದರೆ, ತಲೆ ಅಲ್ಲಾಡಿಸಿದಾಗ ಅಲ್ಲಿನ ದ್ರವವನ್ನು ತಳ್ಳುತ್ತವೆ. ನೀವು ಸುಮ್ನೆ ಮಲಗಿದ್ದರೂ ಮೆದುಳಿಗೆ 'ತಿರುಗುತ್ತಿದ್ದಾಳೆ' ಅಂತ ಸುದ್ದಿ ಹೋಗುತ್ತದೆ. ಇದು ಎಂಆರ್‌ಐಯಲ್ಲಿ ಕಾಣುವುದಿಲ್ಲ. ಎಪ್ಲಿ ಅಂದರೆ ಆ ಹರಳನ್ನು ಬಂದ ದಾರಿಯಲ್ಲೇ ವಾಪಸ್ ಉರುಳಿಸುವುದು. ಯಾವ ಕಿವಿ, ಯಾವ ಕೊಳವೆ ಅಂತ ಗೊತ್ತಾಗದೆ ಯೂಟ್ಯೂಬ್ ನೋಡಿ ಮಾಡಿಕೊಳ್ಳಬೇಡಿ.

ಆದರೆ ಬಿಪಿಪಿವಿಯಲ್ಲಿ ಕಿವಿ ಕಟ್ಟುವುದಿಲ್ಲ, ಎರಡು ಗಂಟೆ ತಿರುಗುವುದಿಲ್ಲ. ಆ ಎರಡನೆಯದು ಬೇರೆ.

ಡಾಕ್ಟರುಗಳಿಗೆ ಗೊಂದಲವಾಗೋದು ಯಾಕೆ ಅಂದರೆ, ಕೇಳುವ ಭಾಗ, ದೇಹದ ಸಮತೋಲ ಕಾಯುವ ಭಾಗ ಎರಡೂ ಒಂದೇ ಮನೆಯ ಎರಡು ಕೋಣೆ, ಒಂದೇ ದ್ರವ, ಒಂದೇ ನರದಲ್ಲಿ ಸುದ್ದಿ ಹೋಗೋದು. ಏನು ಕೆಟ್ಟರೂ ನೀವು ಹೇಳೋದು 'ತಲೆಸುತ್ತು' ಅಂತಲೇ ಅಲ್ವಾ? 1861ರಲ್ಲಿ ಪ್ಯಾರಿಸ್‌ನ ಡಾಕ್ಟರು ಪ್ರಾಸ್ಪರ್ ಮೆನಿಯರ್ ಇಂಥ ತಲೆಸುತ್ತಿನ ಮೂಲ ಕಿವಿ ಅಂತ ಹೇಳುವವರೆಗೂ ಇಂಥದ್ದನ್ನೆಲ್ಲ ಮೆದುಳಿನ ಖಾತೆಗೇ ಬರೆಯುತ್ತಿದ್ದರು.

ನಾನು ಮೊದಲು ಕೇಳೋದು ಎಷ್ಟು ಹೊತ್ತು ಇರುತ್ತದೆ ಅಂತ. ಸೆಕೆಂಡುಗಳಾದರೆ ಹರಳು. ಮೆನಿಯರ್ಸ್ ಸಾಮಾನ್ಯವಾಗಿ 20 ನಿಮಿಷದಿಂದ 12 ಗಂಟೆ. ದಿನಗಟ್ಟಲೆ ಬಿಡದೆ ತಿರುಗಿದರೆ ನರದ ಊತ ಇರಬಹುದು. ಮೈಗ್ರೇನ್ ತಲೆಸುತ್ತು ಮಾತ್ರ ಕಿಲಾಡಿ, 5 ನಿಮಿಷವೂ ಇರಬಹುದು, 72 ಗಂಟೆಯೂ ಇರಬಹುದು, ಎಲ್ಲರ ವೇಷವನ್ನೂ ಹಾಕುತ್ತದೆ. ಪ್ರತಿ ಸಲ ತಲೆನೋವು ಬರಲೇಬೇಕು ಅಂತಲೂ ಇಲ್ಲ.

ಬುಗುರಿ ಮೇಡಂ, ಎರಡು ಪ್ರಶ್ನೆ. ಶ್ರವಣ ಪರೀಕ್ಷೆ ಆಗಿದೆಯಾ? ಮೊದಲಿಂದ ತಲೆನೋವಿತ್ತಾ?

ನಿಂಬೆಹುಳಿ
ಖಾಲಿ ಹೊಟ್ಟೆಗೆ ನಿಂಬೆರಸ, ಜೀರಿಗೆ ಕಷಾಯ. ಪಿತ್ತ ಇಳಿದರೆ ಎಲ್ಲ ಸರಿಹೋಗುತ್ತೆ. ಸುಮ್ನೆ ಇಂಗ್ಲಿಷ್ ಹೆಸರಿಟ್ಟು ಹೆದರಿಸ್ತಾರೆ.

ಹಳೇಬಸ್ಸು
ಸರ್, ಕಷಾಯ ಕುಡಿಯಲಿ ಬಿಡಿ, ಯಾರು ಬೇಡ ಅಂದರು. ಆದರೆ ನಮ್ಮ ಚಿಕ್ಕಪ್ಪನಿಗೂ ಪಿತ್ತ ಅಂತಲೇ ಒಂದು ದಿನ ಮಲಗಿಸಿದ್ದೆವು. ಎದ್ದು ನಿಲ್ಲೋಕೂ ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಸ್ಟ್ರೋಕ್ ಆಗಿತ್ತು.

ಮಂದ್ರ
ನನಗೆ ಬಲಗಿವಿ ಮೆನಿಯರ್ಸ್, ಆರು ವರ್ಷವಾಯಿತು. ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ನನಗೆ ಮೊದಲು ಗೊತ್ತಾಗಿದ್ದು ತಲೆಸುತ್ತಿನಿಂದ ಅಲ್ಲ, ಶ್ರುತಿಪೆಟ್ಟಿಗೆಯಿಂದ. ಒಂದು ದಿನ ಎಡಗಿವಿಗೆ ಷಡ್ಜ ಸರಿಯಾಗಿತ್ತು, ಬಲಗಿವಿಗೆ ಅದೇ ಷಡ್ಜ ಒಂದಿಷ್ಟು ಮೇಲೆ ಕೇಳಿತು. ಪೆಟ್ಟಿಗೆ ಕೆಟ್ಟಿದೆ ಅಂತ ರಿಪೇರಿಗೂ ಕೊಟ್ಟೆ, ನೋಡಿ! ಆ ಅಂಗಡಿಯವನು ಪಾಪ, ಏನೂ ಆಗಿಲ್ಲ ಅಂತ ಮೂರು ಸಲ ಹೇಳಿದ. ಕೆಟ್ಟಿದ್ದು ನನ್ನ ಕಿವಿ.

ಮೊದಲ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ನಾರ್ಮಲ್ ಬಂದಿತ್ತು. ಕಿವಿ ಕಟ್ಟಿಕೊಂಡಿರುವ ದಿನವೇ ಹೋಗಿ ಮಾಡಿಸಿದಾಗ ತಗ್ಗಿನ ಸ್ವರಗಳ ಕಡೆ ಗೆರೆ ಕೆಳಗಿಳಿದಿತ್ತು. ಆದ್ದರಿಂದ ಒಂದು ನಾರ್ಮಲ್ ರಿಪೋರ್ಟ್ ನೋಡಿ ಸಮಾಧಾನ ಪಡಬೇಡಿ. ಉಪ್ಪಿನಕಾಯಿ, ಹಪ್ಪಳ ಬಿಟ್ಟೆ. ಅದರಿಂದಲೇ ಕಡಿಮೆ ಆಯಿತಾ ಅಂತ ಕೇಳಿದರೆ ಎದೆ ಮುಟ್ಟಿ ಹೇಳಲಾರೆ, ಈ ಕಾಯಿಲೆ ತಾನೇ ತಿಂಗಳುಗಟ್ಟಲೆ ಸುಮ್ಮನಿರುತ್ತದೆ.

ಬುಗುರಿ
ಇಷ್ಟು ಜನ ಬರೆದಿದ್ದಕ್ಕೆ ಥ್ಯಾಂಕ್ಸ್. ಕಿವಿಮಾತು ಅವರೇ, ಶ್ರವಣ ಪರೀಕ್ಷೆ ಒಂದು ಸಲ ಆಗಿದೆ, ನಾರ್ಮಲ್, ಆದರೆ ಕಿವಿ ಚೆನ್ನಾಗಿದ್ದ ದಿನ. ಕಾಲೇಜಿಂದ ಒಂದು ಕಡೆ ತಲೆನೋವು ಬರುತ್ತಿತ್ತು, ಈಗ ಕಡಿಮೆ. ನೀವು ಕೇಳಿದ ಮೇಲೆ ಕ್ಯಾಲೆಂಡರ್ ತೆಗೆದೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಗುರುತು ಹಾಕಿದ್ದೆ. ನಾಲ್ಕರಲ್ಲಿ ಮೂರು ಸಲ ಮುಟ್ಟಿಗೆ ಒಂದೆರಡು ದಿನ ಮೊದಲು ಬಂದಿದೆ. ಯಾವ ಡಾಕ್ಟರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಿವಿಮಾತು
ಅದು ಬೆಲೆಬಾಳುವ ಕ್ಯಾಲೆಂಡರ್. ಹಳೇ ತಲೆನೋವು, ಬೆಳಕು ಆಗದಿರುವುದು, ಮುಟ್ಟಿನ ಲೆಕ್ಕ, ಇವೆಲ್ಲ ಮೈಗ್ರೇನ್ ಕಡೆ ವಾಲುತ್ತವೆ. ಮೈಗ್ರೇನಿನಲ್ಲೂ ಕಿವಿ ಕಟ್ಟಬಹುದು, ಗುಂಯ್ ಅನ್ನಬಹುದು. ಆದರೆ ಒಂದೇ ಕಿವಿ ಅನ್ನುವುದರಿಂದ ಮೆನಿಯರ್ಸ್ ಅನ್ನು ಪಟ್ಟಿಯಿಂದ ಹೊಡೆದುಹಾಕಲಾರೆ. ಎರಡೂ ಇರುವವರಿದ್ದಾರೆ, ಮೈಗ್ರೇನ್ ಇರುವವರಲ್ಲಿ ಬಿಪಿಪಿವಿಯೂ ಜಾಸ್ತಿ. ನಿಮ್ಮ ಮೂವರು ಡಾಕ್ಟರಲ್ಲಿ ಕೊನೆಯ ಇಬ್ಬರೂ ಪೂರ್ತಿ ತಪ್ಪು ಅಂತ ನನಗನ್ನಿಸುವುದಿಲ್ಲ. ಒಬ್ಬೊಬ್ಬರು ಒಂದೊಂದು ತುದಿ ಹಿಡಿದಿದ್ದಾರೆ.

ವರ್ಟಿನ್ ಬಗ್ಗೆ: ಅದರಲ್ಲಿರುವುದು ಬೀಟಾಹಿಸ್ಟಿನ್. 2016ರಲ್ಲಿ ಬಂದ ಜರ್ಮನಿಯ ಅಧ್ಯಯನದಲ್ಲಿ 221 ಮೆನಿಯರ್ಸ್ ರೋಗಿಗಳ ಮೇಲೆ ನೋಡಿದಾಗ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಬಿಪಿಪಿವಿಯ ಹರಳನ್ನಂತೂ ಯಾವ ಮಾತ್ರೆಯೂ ಜಾಗಕ್ಕೆ ಸೇರಿಸುವುದಿಲ್ಲ. ನೀವಾಗಿ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿ. ಸ್ಟೆಮೆಟಿಲ್ ಥರದ ವಾಂತಿ, ತಲೆಸುತ್ತು ತಡೆಯೋ ಮಾತ್ರೆ ಮನೆಯಲ್ಲಿದ್ದರೆ ದಿನಾ ನುಂಗಬೇಡಿ, ಮೆದುಳು ತಾನೇ ಹೊಂದಿಕೊಳ್ಳುವುದನ್ನು ಅದು ತಡೆಯುತ್ತದೆ.

ಎರಡು ಸಂದರ್ಭದಲ್ಲಿ ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ನಿಲ್ಲಲೇ ಆಗದಿದ್ದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟು ಕಾಯಬೇಡಿ, ಅದೇ ದಿನ ಇಎನ್‌ಟಿ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು.

ಬುಗುರಿ
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಬೇರೆ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಎಡಕ್ಕೆ ಮಲಗಿಸಿದ್ದೇ ತಡ ಫ್ಯಾನ್ ಶುರು, ನಾನು ಅವರ ಕೋಟಿನ ತೋಳೇ ಹಿಡಿದು ಎಳೆದುಬಿಟ್ಟೆ. ಎಪ್ಲಿ ಎರಡು ಸಲ ಆಯಿತು. ಈಗ ಎಡಕ್ಕೆ ಹೊರಳಿ ಅಲಾರಂ ನಿಲ್ಲಿಸುತ್ತೇನೆ, ಏನೂ ಆಗಲ್ಲ.

ಎರಡನೆಯದು ಇನ್ನೂ ಬಂದಿಲ್ಲ. ಬಂದ ದಿನವೇ ಬನ್ನಿ, ಆಗಲೇ ಕಿವಿ ಪರೀಕ್ಷೆ ಮಾಡೋಣ ಅಂದಿದ್ದಾರೆ. ವಾಂತಿ ಮಾಡಿಕೊಂಡು ಆಟೋದಲ್ಲಿ ಹೇಗೆ ಹೋಗೋದು ಅಂತ ನಮ್ಮನೆಯವರು ಈಗಲೇ ಯೋಚನೆ ಮಾಡುತ್ತಿದ್ದಾರೆ. ಕ್ಯಾಲೆಂಡರ್ ಪ್ರಕಾರ ಮುಂದಿನ ಗುರುವಾರದ ಆಸುಪಾಸು.