ಹಿರಿಯರ ಹೃದಯ, ಹಿರಿಯರ ಊಟ: ವೈದ್ಯೆಯೊಂದಿಗೆ ಪ್ರಶ್ನೋತ್ತರ

ತುಮಕೂರಿನ ಸದಸ್ಯ: ನಮಸ್ಕಾರ ಮೇಡಂ. ನಮ್ಮ ತಂದೆಯವರಿಗೆ 71 ವರ್ಷ. ಎರಡು ವರ್ಷಗಳ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಬಿಸಿ ಅನ್ನಕ್ಕೆ ತುಪ್ಪ ಬೀಳದಿದ್ದರೆ ಅವರು ಊಟಕ್ಕೇ ಕೂರುವುದಿಲ್ಲ. ಕೊಡಬಹುದೇ?

ವೈದ್ಯೆ: ನಮಸ್ಕಾರ. ದಿನಕ್ಕೆ ಒಂದು ಟೀ ಚಮಚ ಕೊಡಿ, ಅಭ್ಯಂತರವಿಲ್ಲ. ಆದರೆ ಒಗ್ಗರಣೆಯ ಎಣ್ಣೆ, ಸಂಜೆಯ ಬೋಂಡಾ, ಬೇಕರಿಯ ಖಾರಾ ಬಿಸ್ಕತ್ತು ಎಲ್ಲವನ್ನೂ ಹಾಗೆಯೇ ಬಿಟ್ಟು ತುಪ್ಪವೊಂದನ್ನೇ ಅಳೆದರೆ ಪ್ರಯೋಜನವಾಗದು.

ಕುಂದಾಪುರದ ಸದಸ್ಯೆ: ನಮ್ಮ ಅತ್ತೆಯವರಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ನಡೆಯುತ್ತಿದೆ. ಸೊಪ್ಪು ಮುಟ್ಟಬಾರದೆಂದು ನೆಂಟರೊಬ್ಬರು ಹೇಳಿದ ಮೇಲೆ ಬಸಳೆಯನ್ನು ಪೂರ್ತಿ ಬಿಟ್ಟಿದ್ದಾರೆ. ಇದು ಸರಿಯೇ?

ವೈದ್ಯೆ: ಪೂರ್ತಿ ಬಿಡಬೇಕಾಗಿರಲಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ಒಂದು ವಾರ ದಿನವೂ ಬಸಳೆ ಹುಳಿ, ಮರುವಾರ ಒಂದೆಲೆಯೂ ಇಲ್ಲ ಎಂಬಂತಾದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಏರುಪೇರಾಗುತ್ತದೆ. ವಾರಕ್ಕೆ ಇಷ್ಟು ಸಲ, ಇಷ್ಟು ಪ್ರಮಾಣ ಎಂದು ಗೊತ್ತುಮಾಡಿಕೊಂಡು ಅದನ್ನೇ ಪಾಲಿಸಬೇಕು. ಹಠಾತ್ತನೆ ಬಿಟ್ಟಿರುವುದರಿಂದ ಈಗ ರಕ್ತ ಬೇಕಾದುದಕ್ಕಿಂತ ತೆಳುವಾಗಿರಬಹುದು. ಈ ವಾರವೇ ಐಎನ್‌ಆರ್ ಮಾಡಿಸಿ, ನಿಮ್ಮ ವೈದ್ಯರಿಗೆ ತೋರಿಸಿ.

ಹಾಸನದ ಸದಸ್ಯ: ಮೇಡಂ, ನಮ್ಮ ತಾಯಿಗೆ 74 ವರ್ಷ. ಹೃದಯದ ಪಂಪಿಂಗ್ ಕಡಿಮೆಯಿದೆ, ಸಕ್ಕರೆ ಕಾಯಿಲೆಯಿದೆ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.9 ಇದೆ. ಟೆಲ್ಮಿಸಾರ್ಟಾನ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಪ್ಪು ಕಡಿಮೆ ಮಾಡಲು ಹೇಳಿದ್ದರಿಂದ ಒಂದು ತಿಂಗಳಿನಿಂದ ಲೋ ಸೋಡಿಯಂ ಉಪ್ಪು ತರುತ್ತಿದ್ದೇವೆ. ಅದು ಸಪ್ಪೆ ಎನಿಸುವುದರಿಂದ ಎರಡರಷ್ಟು ಹಾಕುತ್ತೇವೆ. ಬಿಸಿಲೆಂದು ದಿನಕ್ಕೆ ಎರಡು ಎಳನೀರು ಕೊಡುತ್ತಿದ್ದೇವೆ. ನಾಲ್ಕು ದಿನಗಳಿಂದ ಕಾಲಿನಲ್ಲಿ ಶಕ್ತಿಯಿಲ್ಲ. ನಿನ್ನೆ ಬಚ್ಚಲುಮನೆಯ ಹೊಸ್ತಿಲು ದಾಟಲಾಗದೆ ಗೋಡೆ ಹಿಡಿದು ನಿಂತುಬಿಟ್ಟರು. ಶಕ್ತಿಗೆ ಯಾವ ಪುಡಿ ಒಳ್ಳೆಯದು?

ವೈದ್ಯೆ: ಪುಡಿಯ ಮಾತು ಬಿಡಿ. ಆ ಉಪ್ಪನ್ನೂ ಎಳನೀರನ್ನೂ ಈ ಕ್ಷಣದಿಂದ ನಿಲ್ಲಿಸಿ, ಇಸಿಜಿ ಮತ್ತು ರಕ್ತದ ಪೊಟ್ಯಾಸಿಯಂ ಪರೀಕ್ಷೆ ಎರಡೂ ಆಗುವ ಆಸ್ಪತ್ರೆಗೆ ತಾಯಿಯನ್ನು ಇಂದೇ ಕರೆದೊಯ್ಯಿರಿ. ಕಾರಣ ಹೇಳುತ್ತೇನೆ. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗವನ್ನು ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಒಂದು ಲೋಟ ಎಳನೀರಿನಲ್ಲಿಯೂ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಹೆಚ್ಚಾದುದನ್ನು ಮೂತ್ರದಲ್ಲಿ ಹೊರಹಾಕಬೇಕಾದ ಮೂತ್ರಪಿಂಡ ನಿಮ್ಮ ತಾಯಿಯವರಲ್ಲಿ ಆಗಲೇ ಸೋತಿದೆ. ಅವರು ನುಂಗುತ್ತಿರುವ ಎರಡೂ ಮಾತ್ರೆಗಳು, ಹೃದಯಕ್ಕೆ ಅಗತ್ಯವಾದವೇ ಆದರೂ, ಪೊಟ್ಯಾಸಿಯಂ ಹೊರಹೋಗುವುದನ್ನು ತಡೆಯುತ್ತವೆ. ಬರುವ ದಾರಿ ಎರಡಾಯಿತು, ಹೋಗುವ ದಾರಿ ಮುಚ್ಚಿತು. ರಕ್ತದಲ್ಲಿ ಅದು ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರಬೇಕು. ಬಹಳ ಏರಿದರೆ ಮೊದಲು ಸ್ನಾಯುಗಳು ಸೋಲಬಹುದು, ಬಳಿಕ ಹೃದಯದ ಬಡಿತ ತಪ್ಪಬಹುದು, ಕೆಲವರಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತೇ ಹೋಗಬಹುದು. ಕಾಲಿನ ನಿಶ್ಶಕ್ತಿಗೆ ಬೇರೆ ಕಾರಣವೂ ಇದ್ದೀತು. ಇದಲ್ಲವೆಂದು ಖಚಿತವಾಗುವವರೆಗೆ ಇದೇ ಎಂದು ತಿಳಿದು ನಡೆಯಬೇಕು. ಮಾತ್ರೆಯ ಪಟ್ಟಿಯನ್ನೂ ಉಪ್ಪಿನ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಯಾವ ಮಾತ್ರೆ ನಿಲ್ಲಿಸಬೇಕೆಂಬುದನ್ನು ಅಲ್ಲಿನ ವೈದ್ಯರು ಹೇಳಲಿ.

ಹಾಸನದ ಸದಸ್ಯ: ಇಂದು ಭಾನುವಾರ, ಲ್ಯಾಬ್ ಮುಚ್ಚಿದೆ. ನಾಳೆ ಬೆಳಿಗ್ಗೆ ಹೋಗಬಹುದೇ?

ವೈದ್ಯೆ: ಬೇಡ. ತುರ್ತು ಚಿಕಿತ್ಸಾ ವಿಭಾಗ ಭಾನುವಾರವೂ ತೆರೆದಿರುತ್ತದೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಹೊರಟ ಕೂಡಲೇ ಇಲ್ಲಿ ತಿಳಿಸಿ.

ದಾವಣಗೆರೆಯ ಸದಸ್ಯ: ಕ್ಷಮಿಸಿ ಡಾಕ್ಟರ್, ಇಂಥ ಉಪ್ಪಿನಿಂದ ಲಾಭವಿದೆಯೆಂದು ಚೀನಾದ ಅಧ್ಯಯನದಲ್ಲಿ ಬಂದಿದೆಯಲ್ಲ? ನೀವು ಜನರನ್ನು ಹೆದರಿಸುತ್ತಿದ್ದೀರಿ.

ವೈದ್ಯೆ: ಆ ಅಧ್ಯಯನವನ್ನು ನಾನೂ ಓದಿದ್ದೇನೆ, ಒಪ್ಪುತ್ತೇನೆ. 2021ರಲ್ಲಿ ಪ್ರಕಟವಾಯಿತು, 600 ಹಳ್ಳಿಗಳ ಸುಮಾರು 21,000 ಜನರಲ್ಲಿ ಪಾರ್ಶ್ವವಾಯುವೂ ಸಾವೂ ಕಡಿಮೆಯಾದವು. ಆದರೆ ಗಂಭೀರ ಮೂತ್ರಪಿಂಡದ ಕಾಯಿಲೆಯಿದ್ದವರನ್ನೂ ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ನಾನು ಮಾತನಾಡುತ್ತಿರುವುದು ಹಾಸನದ ಆ ತಾಯಿಯ ಬಗ್ಗೆ.

ಮಂಡ್ಯದ ಸದಸ್ಯೆ: ಮೇಡಂ, ನಮ್ಮ ಮಾವನವರಿಗೆ ತುಪ್ಪ ಕೊಡಬಹುದೇ?

ವೈದ್ಯೆ: ಮೇಲೆ ಉತ್ತರಿಸಿದ್ದೇನೆ. ಒಂದು ಟೀ ಚಮಚ.

ಬಳ್ಳಾರಿಯ ಸದಸ್ಯ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆ್ಯಪಲ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕೇಜ್ ಕರಗುತ್ತದೆ, ಆಪರೇಷನ್ ಬೇಡ ಎಂಬ ಸಂದೇಶ ಬಂದಿದೆ. ಎಲ್ಲರ ಉಪಯೋಗಕ್ಕಾಗಿ ಹಾಕಿದ್ದೇನೆ.

ವೈದ್ಯೆ: ದಯವಿಟ್ಟು ಅಳಿಸಿ. ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೂತು ಸುಣ್ಣಗಟ್ಟಿದ ಕೊಬ್ಬು ಯಾವ ಕಷಾಯಕ್ಕೂ ಕರಗುವುದಿಲ್ಲ. ಇದನ್ನೇ ನಂಬಿ, ಸ್ಟೆಂಟ್ ಹಾಕಿದ ನಾಲ್ಕೇ ತಿಂಗಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ನಿಲ್ಲಿಸಿದ 68 ವರ್ಷದವರೊಬ್ಬರನ್ನು ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ನಮ್ಮಲ್ಲಿಗೆ ತಂದರು. ಅವರ ಜೇಬಿನಲ್ಲಿ ಕಷಾಯದ ಚೀಟಿಯಿತ್ತು. ಅವರು ಉಳಿಯಲಿಲ್ಲ.

ಬಳ್ಳಾರಿಯ ಸದಸ್ಯ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಕಠಿಣವಾಗಿ ಹೇಳಬೇಕಾಗಿರಲಿಲ್ಲ.

ಉಡುಪಿಯ ಸದಸ್ಯ: ಅವರ ಮಾತಿನಲ್ಲೂ ಅರ್ಥವಿದೆ. ನಮ್ಮ ಅಜ್ಜ ಜೀವನವಿಡೀ ತೆಂಗಿನೆಣ್ಣೆ ತಿಂದು 92 ವರ್ಷ ಬದುಕಿದರು.

ದಾವಣಗೆರೆಯ ಸದಸ್ಯ: ನಿಮ್ಮ ಅಜ್ಜ ಗದ್ದೆ ಉತ್ತು ತಿಂದರು, ನೀವು ಕುರ್ಚಿಯಲ್ಲಿ ಕೂತು ತಿನ್ನುತ್ತೀರಿ. ನಮ್ಮ ಕಡೆಯ ಶೇಂಗಾ ಎಣ್ಣೆಯೇ ಮೇಲು.

ಉಡುಪಿಯ ಸದಸ್ಯ: ನನ್ನ ದುಡಿಮೆಯ ಬಗ್ಗೆ ಮಾತನಾಡಲು ನಿಮಗೆ ಯಾವ ಹಕ್ಕೂ ಇಲ್ಲ. ಕರಾವಳಿಯ ಊಟವನ್ನು ಹೀಗಳೆಯುವುದು ಕೆಲವರಿಗೆ ಚಾಳಿಯಾಗಿಬಿಟ್ಟಿದೆ.

ಚಿಕ್ಕಮಗಳೂರಿನ ಸದಸ್ಯೆ: ನಮ್ಮ ತಾಯಿಯವರು ಏಕಾದಶಿಯಂದು ನಿರಾಹಾರ ಇರುತ್ತಾರೆ. ಆ ದಿನ ಬಿಪಿ ಮಾತ್ರೆಯನ್ನೂ ಬಿಡುತ್ತಾರೆ. ಇದರ ಬಗ್ಗೆ ದಯವಿಟ್ಟು ತಿಳಿಸಿ.

ದಾವಣಗೆರೆಯ ಸದಸ್ಯ: ನಾನು ಊಟವನ್ನು ಹೀಗಳೆಯಲಿಲ್ಲ, ನಿಮ್ಮ ವಾದವನ್ನು ಹೀಗಳೆದೆ.

ವೈದ್ಯೆ: ಇಬ್ಬರೂ ನಿಲ್ಲಿಸಿ. ತೆಂಗಿನೆಣ್ಣೆಯಲ್ಲಿ ಸುಮಾರು ಶೇ. 90 ಪರ್ಯಾಪ್ತ, ಅಂದರೆ ಸ್ಯಾಚುರೇಟೆಡ್ ಕೊಬ್ಬಿದೆ, ಅದು ಕೆಟ್ಟ ಕೊಲೆಸ್ಟೆರಾಲ್ ಏರಿಸುತ್ತದೆ. ಶೇಂಗಾ ಎಣ್ಣೆಯಲ್ಲಿ ಆ ಕೊಬ್ಬು ಬಹಳ ಕಡಿಮೆ, ಆದರೂ ಅದನ್ನು ಸುರಿದು ತಿನ್ನುವಂತಿಲ್ಲ. ಹಾಸನದವರು ಹೊರಟರೇ?

ಮೈಸೂರಿನ ಸದಸ್ಯ: ಡಾಕ್ಟರ್, ತುಪ್ಪದ ಬಗ್ಗೆ ನಿಮ್ಮ ಅಭಿಪ್ರಾಯವೇನು?

ವೈದ್ಯೆ: ಓದಿ ಕೇಳಿ.

ಹಾಸನದ ಸದಸ್ಯ: ಆಸ್ಪತ್ರೆಯಲ್ಲಿದ್ದೇವೆ. ಪೊಟ್ಯಾಸಿಯಂ 6.8 ಬಂದಿದೆ. ಇಸಿಜಿ ನೋಡಿದ ಕೂಡಲೇ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಐಸಿಯುವಿಗೆ ಒಯ್ದರು. ಒಳ್ಳೆಯದೆಂದು ನಾನೇ ತಂದ ಉಪ್ಪು, ಮೇಡಂ.

ವೈದ್ಯೆ: ಆ ಉಪ್ಪು ಎಲ್ಲರಿಗೂ ಹೊಂದುವುದಿಲ್ಲವೆಂದು ನಿಮಗೆ ಯಾರೂ ಹೇಳಿರಲಿಲ್ಲ. ಸಮಯಕ್ಕೆ ಸರಿಯಾಗಿ ತಲುಪಿದ್ದೀರಿ. ಮನೆಗೆ ಬಂದ ಮೇಲೆ ಮಾಮೂಲಿ ಉಪ್ಪನ್ನೇ ಬಳಸಿ, ಆದರೆ ಅವರೊಬ್ಬರ ಇಡೀ ದಿನದ ಪಾಲನ್ನು ಬೆಳಿಗ್ಗೆಯೇ ಒಂದು ಪುಟ್ಟ ಬಟ್ಟಲಿಗೆ ತೆಗೆದಿಡಿ. ಒಂದು ಟೀ ಚಮಚ ತುಂಬಬಾರದು. ಎಷ್ಟು ಕಡಿಮೆಯಿರಬೇಕೆಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ ಬೇಡ. ಸಪ್ಪೆ ಎನಿಸಿದರೆ ಇಂಗು, ಜೀರಿಗೆ, ಮೆಣಸಿನ ಒಗ್ಗರಣೆ ಕೊಡಿ. ರಾತ್ರಿಯ ಪೊಟ್ಯಾಸಿಯಂ ವರದಿ ಬಂದೊಡನೆ ಹಾಕಿ, ನಾನು ಎಚ್ಚರವಾಗಿಯೇ ಇರುತ್ತೇನೆ.