ಲಂಡನ್ ಹರಾಜಲ್ಲಿ ಚಿತ್ರಗಳ ರೇಟ್ ಅಷ್ಟೊಂದು ಏರಿದ್ದು ಯಾಕೆ?

ಬಸವನಗುಡಿ_ಬ್ರಷ್:
ಅವೆನ್ಯೂ ರೋಡಲ್ಲಿ ಒಂದು ಹಳೇ ಪ್ರಿಂಟ್ ಸಿಕ್ತು, ದೊಡ್ಡ ಕೊಂಬಿನ ಸಾರಂಗ ಬೆಟ್ಟದ ಮೇಲೆ ಎದೆ ಉಬ್ಬಿಸ್ಕೊಂಡು ನಿಂತಿದೆ. ಹುಡುಕಿದ್ರೆ ಲ್ಯಾಂಡ್‌ಸಿಯರ್ ಅನ್ನೋ ಇಂಗ್ಲಿಷ್ ಕಲಾವಿದರ 'ಮೊನಾರ್ಕ್ ಆಫ್ ದಿ ಗ್ಲೆನ್' ಅಂತೆ, 1851ರದ್ದು. ಮೊದ್ಲು 350 ಗಿನಿಗೆ ಹೋಗಿದ್ದು 1884ರಲ್ಲಿ ಕ್ರಿಸ್ಟೀಸ್ ಹರಾಜಲ್ಲಿ 6,200 ಗಿನಿ! ಇಟಲಿಯ ಹಳೇ ಕಲಾವಿದ ರಾಫೇಲ್ ಗೀಫೇಲ್ ಆಗಿದ್ರೆ ಸರಿ, ಇದಕ್ಯಾಕೆ ಇಷ್ಟು? ಮತ್ತೆ ಗಿನಿ ಅಂದ್ರೆ ಪೌಂಡೇನಾ?

ಹಳೇಪೇಟೆ_ಮೂರ್ತಿ:
ಪೌಂಡ್ ಅಂದ್ರೆ 20 ಶಿಲಿಂಗ್, ಗಿನಿ ಅಂದ್ರೆ 21. ಆ ನಾಣ್ಯ 1814ಕ್ಕೇ ನಿಂತೋಯ್ತು, ಆದ್ರೂ ಹರಾಜಲ್ಲಿ ಸವಾಲು ಕೂಗ್ತಿದ್ದಿದ್ದು ಗಿನಿ ಲೆಕ್ಕದಲ್ಲೇ. ಇನ್ನು ರೇಟ್ ವಿಷ್ಯ, ಕೊಳ್ಳೋರೇ ಬದಲಾದ್ರು ಸಾರ್. ಮೊದ್ಲು ಜಮೀನ್ದಾರರು ಇಟಲಿ ಚಿತ್ರ ತಗೋತಿದ್ರು, ಆಮೇಲೆ ಗಿರಣಿ, ಕಾರ್ಖಾನೆಯವ್ರು ದುಡ್ಡು ಹಿಡ್ಕೊಂಡು ಬಂದ್ರು, ಹಳೇ ಇಟಲಿ ಚಿತ್ರ ಅಂದ್ರೆ ಅವ್ರಿಗೆ ನಕಲಿ ಭಯ, ಅದೇ ಬದುಕಿರೋ ಕಲಾವಿದನಾದ್ರೆ ಹೋಗಿ ಅವನನ್ನೇ ಕೇಳ್ಬಹುದಲ್ವಾ. ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಗಿಲಟ್ ಪೆನ್ ನಿಬ್ ಮಾರಿ ಇಂಗ್ಲಿಷ್ ಕಲಾವಿದ ಟರ್ನರ್ ಚಿತ್ರಗಳನ್ನ ಗುಡ್ಡೆ ಹಾಕಿದ್ದ (ನಮ್ ತಾತನ ಮೇಜಲ್ಲೂ ಅವನ ನಿಬ್ ಡಬ್ಬಿ ಇತ್ತು!), ಸತ್ತ ಮೇಲೆ 1872ರಲ್ಲಿ ಎಲ್ಲಾ ಹರಾಜಾಯ್ತು. ಮಾತ್ರೆ ಮಾರಿ ದುಡ್ಡು ಮಾಡಿದ ಹಾಲೋವೇ 1882ರಲ್ಲಿ ಎಡ್ವಿನ್ ಲಾಂಗ್ ಬರೆದ 'ಬ್ಯಾಬಿಲೋನಿಯನ್ ಮ್ಯಾರೇಜ್ ಮಾರ್ಕೆಟ್'ಗೆ 6,300 ಗಿನಿ ಕೊಟ್ಟ. ಚಿತ್ರದಲ್ಲಿರೋದೂ ಹರಾಜೇ, ಹೆಣ್ಮಕ್ಕಳನ್ನ ಹರಾಜು ಹಾಕ್ತಿರೋದು, ಅದನ್ನ ತಗೊಂಡಿದ್ದು ಹೆಣ್ಮಕ್ಕಳ ಕಾಲೇಜಿಗೆ 😄

ಮಲ್ಲೇಶ್ವರಂ_ಅಕ್ಕ:
ಹರಾಜಿನ ಪಟ್ಟೀಲಿ ರೇಟ್ ಇದೆ ಅಂದ್ರೆ ಮಾರಾಟ ಆಯ್ತು ಅಂತಲ್ಲ ಮೂರ್ತಿಯವ್ರೇ. ಒಳಗೊಳಗೆ ಇಟ್ಟಿದ್ದ ಕನಿಷ್ಠ ರೇಟ್ ಬರದಿದ್ರೆ ಮಾಲೀಕನ ಪರವಾಗೇ ಕೂಗಿ ಚಿತ್ರ ವಾಪಸ್ ಇಟ್ಕೊಳ್ಳೋರು. ಕಲಾ ವಿಮರ್ಶಕ ರಸ್ಕಿನ್ 1869ರಲ್ಲಿ ಟರ್ನರ್‌ನ 'ಸ್ಲೇವ್ ಶಿಪ್' ಹರಾಜಿಗಿಟ್ಟಾಗ ಹಂಗೇ ಆಯ್ತು, ಆಮೇಲೆ ಅದು ಅಮೆರಿಕಕ್ಕೆ ಹೋಯ್ತು. ಮತ್ತೆ ರೇಟ್ ಏರ್ಸೋದ್ರಲ್ಲಿ ಡೀಲರ್‌ಗಳ ಕೈವಾಡ ಕಮ್ಮೀನಾ? ಗೇನ್ಸ್‌ಬರೋ ಬರೆದ ಡೆವನ್‌ಶೈರ್ ಡಚೆಸ್ ಚಿತ್ರಕ್ಕೆ 1876ರಲ್ಲಿ ಆಗ್ನ್ಯೂ ಅನ್ನೋ ಡೀಲರ್ 10,100 ಗಿನಿ ಸುರಿದ, ಊರೆಲ್ಲಾ ಅದೇ ಮಾತು, ಕೆಲವೇ ವಾರದಲ್ಲಿ ಅವನ ಗ್ಯಾಲರಿಯಿಂದ್ಲೇ ಕದ್ರು, ವಾಪಸ್ ಸಿಕ್ಕಿದ್ದು 1901ರಲ್ಲಿ!

ಬಸವನಗುಡಿ_ಬ್ರಷ್:
ಅಬ್ಬಾ. ಹಂಗಾದ್ರೆ ನನ್ ಸಾರಂಗಕ್ಕೆ ಏನಾದ್ರೂ ಬರುತ್ತಾ?

ಹಳೇಪೇಟೆ_ಮೂರ್ತಿ:
ಲ್ಯಾಂಡ್‌ಸಿಯರ್ ಅಣ್ಣ ಥಾಮಸ್ಸೇ ಇದನ್ನ ಪ್ಲೇಟ್ ಮೇಲೆ ಕೆತ್ತಿದ್ದು. ಆಗ ಪ್ರಿಂಟ್ ಹಕ್ಕನ್ನ ಬೇರೆಯಾಗೇ ಮಾರ್ತಿದ್ರು, ಮನೆಮನೆ ಗೋಡೆ ಮೇಲೆ ಪ್ರಿಂಟ್ ಬಂದಂಗೆಲ್ಲಾ ಅಸಲಿ ಚಿತ್ರದ ಹೆಸರೂ ಏರ್ತು. ನಿಮ್ದು ಗಾಜಿನಿಂದ ತೆಗೆದು ಭೂತಕನ್ನಡಿ ಹಿಡೀರಿ, ಸಾಲಾಗಿ ಸಣ್ಣ ಚುಕ್ಕಿ ಕಂಡ್ರೆ ಈಚೆಗಿನ ಪ್ರೆಸ್ಸಿಂದು. ಗೀರು ಗೀರಾಗಿದ್ದು, ಅಂಚಿನ ಸುತ್ತ ಪ್ಲೇಟ್ ಒತ್ತಿದ ತಗ್ಗು ಬೆರಳಿಗೆ ಸಿಕ್ರೆ ಹಳೇ ಕೆತ್ತನೆ ಪ್ರಿಂಟ್ ಇರ್ಬಹುದು, ಇಲ್ಲೇ ಫೋಟೋ ಹಾಕಿ.