ನ್ಯೂಯಾರ್ಕ್‌ನಲ್ಲಿ ರೆಸಿಡೆನ್ಸಿ, ಜೊತೆಗೆ ಪುಟ್ಟ ಮಗು: ಬಳ್ಳಾರಿಯಿಂದ ಬಂದ ಪ್ರಶ್ನೆಗೆ

ಪ್ರಶ್ನೆ: ನಮ್ಮ ಮನೆಯವರು ಬಳ್ಳಾರಿ ವಿಮ್ಸ್‌ನಲ್ಲಿ ಎಂಬಿಬಿಎಸ್ ಮುಗಿಸಿದವರು. ಮಾರ್ಚ್ ಮ್ಯಾಚ್‌ನಲ್ಲಿ (ಯಾವ ಡಾಕ್ಟರಿಗೆ ಯಾವ ಆಸ್ಪತ್ರೆ ಅಂತ ಹಂಚುವ ಪ್ರಕ್ರಿಯೆ) ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಆಸ್ಪತ್ರೆಯೊಂದರಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದರೆ ಮೂರು ವರ್ಷದ ತಜ್ಞ ತರಬೇತಿ ಸಿಕ್ಕಿದೆ, ತರಬೇತಿಗೆ ಬರೋರಿಗೆ ಕೊಡುವ ಜೆ-1 ವೀಸಾ. ಮಗಳಿಗೆ ಅಕ್ಟೋಬರಿಗೆ ನಾಲ್ಕು ತುಂಬುತ್ತದೆ. ಒಟ್ಟಿಗೇ ಹೋಗೋದೋ, ಆರು ತಿಂಗಳು ಬಿಟ್ಟು ಹೋಗೋದೋ? ಒಬ್ಬರ ಸಂಬಳದಲ್ಲಿ ಸಂಸಾರ ನಡೆಯುತ್ತಾ?

ಉತ್ತರ: ತಂಗಿ, ಮೂರು ವರ್ಷ ಆ ಮನೆಯಲ್ಲಿ ದೊಡ್ಡವರು ನೀವೊಬ್ಬರೇ ಅಂತ ತಿಳಿದೇ ಎಲ್ಲ ಲೆಕ್ಕ ಹಾಕ್ರಿ. ರೆಸಿಡೆಂಟ್‌ಗೆ ವಾರಕ್ಕೆ 80 ಗಂಟೆ ಮಿತಿ ಇದೆ, ಆದರೆ ಅದು ನಾಲ್ಕು ವಾರದ ಸರಾಸರಿ. ಒಂದು ವಾರ 90 ಆಗಿ ಮುಂದಿನ ವಾರ 65 ಆದರೆ ನಿಯಮ ಮುರಿದ ಹಾಗಲ್ಲ. ಒಂದೇ ಪಾಳಿ 24 ಗಂಟೆ ಇರಬಹುದು, ಮೇಲೆ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಲು ನ್ಯೂಯಾರ್ಕ್ ರಾಜ್ಯದ ನಿಯಮದಂತೆ 3 ಗಂಟೆ. ವಾರಕ್ಕೊಂದು ದಿನ ರಜೆ ಅನ್ನೋದು ಮಾತ್ರ ನ್ಯೂಯಾರ್ಕ್‌ನಲ್ಲಿ ಸರಾಸರಿ ಲೆಕ್ಕವಲ್ಲ, ಪ್ರತಿ ವಾರ ಕೊಡಬೇಕು. ಡೇಕೇರ್ ಬೆಳಿಗ್ಗೆ 8ರಿಂದ ಸಂಜೆ 6, ವಾರ್ಡ್ ಬೆಳಿಗ್ಗೆ 7ರಿಂದ ಸಂಜೆ 7. ಇವೆರಡೂ ತಾಳೆಯಾಗೋ ಮಾತೇ ಇಲ್ಲ. ಮಗುವಿಗೆ 100.4 ಡಿಗ್ರಿ ಜ್ವರ ಬಂತೆಂದರೆ ಡೇಕೇರ್‌ನಿಂದ ಕರೆದುಕೊಂಡು ಹೋಗಿ ಅಂತ ಫೋನ್ ಬರುತ್ತದೆ. ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿದ್ದರಷ್ಟೇ ವಾಪಸ್ ಸೇರಿಸಿಕೊಳ್ಳುತ್ತಾರೆ. ಆ ಫೋನ್ ಎತ್ತೋರು ನೀವೇ.

ಒಟ್ಟಿಗೇ ಹೋಗೋದಕ್ಕಿಂತ ಅವರು ಜೂನ್ ಮಧ್ಯಕ್ಕೆ, ನೀವು ಆಗಸ್ಟ್ ಎರಡನೇ ವಾರಕ್ಕೆ ಹೊರಡೋದು ಒಳ್ಳೆಯದು. ಜೂನ್ ಕೊನೆಯಲ್ಲಿ ಓರಿಯೆಂಟೇಶನ್, ಜುಲೈ 1ಕ್ಕೆ ಕೆಲಸ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಸಂಬಳ, ತೆರಿಗೆಗೆ ಬೇಕಾದ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ, ಮೊದಲ ಸಂಬಳ, ಇವೆಲ್ಲ ಒಂದು ಹಾದಿಗೆ ಬರಲು ಜುಲೈ ಪೂರ್ತಿ ಬೇಕು. ಆದರೆ ಆರು ತಿಂಗಳು ತಡ ಮಾಡಬೇಡ್ರಿ. ಆ ಕ್ಯಾಲೆಂಡರ್ ವರ್ಷದಲ್ಲಿ ನಾಲ್ಕು ತುಂಬುವ ಮಗುವಿಗೆ ನ್ಯೂಯಾರ್ಕ್‌ನಲ್ಲಿ ಪ್ರಿ-ಕೆ (ನಮ್ಮ ಎಲ್‌ಕೆಜಿ ಥರದ ತರಗತಿ) ಉಚಿತ, ಶಾಲೆ ಸೆಪ್ಟೆಂಬರ್ ಮೊದಲಲ್ಲೇ ಶುರು. ನಿಮ್ಮ ಮಗಳಿಗೆ ಅಕ್ಟೋಬರಿಗೆ ನಾಲ್ಕಾದರೂ ಈ ಸೆಪ್ಟೆಂಬರಿಗೇ ಸೇರಬಹುದು. ಡೇಕೇರ್‌ಗೆ ತಿಂಗಳಿಗೆ 2,000 ಡಾಲರ್ ದಾಟುವ ಊರಿನಲ್ಲಿ ಇದನ್ನು ಬಿಡೋದು ಮೂರ್ಖತನ. ಅರ್ಜಿಯ ಮುಖ್ಯ ಸುತ್ತು ಚಳಿಗಾಲದಲ್ಲೇ ಮುಗಿದಿರುತ್ತದೆ. ತಡವಾಗಿ ಬಂದವರು ನಗರದ ಶಾಲಾ ಇಲಾಖೆಯ ಮೈಸ್ಕೂಲ್ಸ್ ಜಾಲತಾಣದಲ್ಲಿ ಕಾಯುವ ಪಟ್ಟಿ ಸೇರಬೇಕು, ಇಲ್ಲವೇ ಅದೇ ಇಲಾಖೆಯ ಫ್ಯಾಮಿಲಿ ವೆಲ್‌ಕಮ್ ಸೆಂಟರ್‌ಗೆ ಹೋಗಬೇಕು. ವಿಳಾಸಕ್ಕೆ ಎರಡು ದಾಖಲೆ ಕೇಳುತ್ತಾರೆ. ಬಾಡಿಗೆ ಕರಾರು ಬೇರೆಯವರ ಹೆಸರಲ್ಲಿದ್ದರೆ ನೀವು ಅಲ್ಲೇ ವಾಸ ಇದ್ದೀರಿ ಅಂತ ಅವರಿಂದ ಅಫಿಡವಿಟ್ ಬರೆಸಿಕೊಳ್ಳಬೇಕು. ಪ್ರಿ-ಕೆ ಮಧ್ಯಾಹ್ನ ಎರಡೂವರೆ ಸುಮಾರಿಗೆ ಬಿಡುತ್ತದೆ, ಅಲ್ಲಿಂದ ರಾತ್ರಿತನಕ ಮಗು ನಿಮ್ಮ ಪಾಲಿಗೆ.

ವಿಮೆಯಲ್ಲಿ ಎಡವೋರು ಬಹಳ. ಜೆ ವೀಸಾದವರಿಗೆ ಹೆಂಡತಿ ಮಕ್ಕಳ ಸಮೇತ ಆರೋಗ್ಯ ವಿಮೆ ಕಡ್ಡಾಯ. ಕೆಲಸಕ್ಕೆ ಸೇರಿದ ಮೇಲೆ ಹೆಸರು ಸೇರಿಸಲು ಸಾಮಾನ್ಯವಾಗಿ 30 ದಿನವಷ್ಟೇ ಕೊಡುತ್ತಾರೆ. ಕುಟುಂಬ ಆಗಸ್ಟಿನಲ್ಲಿ ಬಂದರೆ ಯಾವತ್ತಿನಿಂದ ಸೇರಿಸುತ್ತೀರಿ ಅಂತ ಎಚ್‌ಆರ್‌ಗೆ ಜೂನ್‌ನಲ್ಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ನಡುವೆ ಖಾಲಿ ಬೀಳೋ ದಿನಗಳಿಗೆ ಜೆ ನಿಯಮಕ್ಕೆ ಹೊಂದುವ ವಿಮೆ ಬೇಕು: ಪ್ರತಿ ಕಾಯಿಲೆಗೆ ಕನಿಷ್ಠ 1,00,000 ಡಾಲರ್, ವಿಮೆ ಕೊಡಲು ಶುರು ಮಾಡೋ ಮುಂಚೆ ನಮ್ಮ ಕೈಯಿಂದ ಹೋಗೋ ಮೊತ್ತ (ಡಿಡಕ್ಟಿಬಲ್) 500 ಡಾಲರ್ ಮೀರಬಾರದು.

ಇನ್ನು ಮನೆ. ಮೊದಲ ವರ್ಷದ ಸಂಬಳ 80,000 ಡಾಲರ್ ಆಚೀಚೆ ಅಂತ ಇಟ್ಟುಕೊಳ್ಳಿ. ಕೇಂದ್ರ, ರಾಜ್ಯ, ಮೇಲೆ ನಗರದ್ದೇ ಬೇರೆ ತೆರಿಗೆ, ವಿಮೆ, ಎಲ್ಲ ಹೋಗಿ ಕೈಗೆ ಬರೋದು ತಿಂಗಳಿಗೆ 5,000ದ ಆಸುಪಾಸು. ಅಲ್ಲಿಯ ಮಾಲೀಕರು ತಿಂಗಳ ಬಾಡಿಗೆಯ 40 ಪಟ್ಟು ವರ್ಷದ ಸಂಬಳ ಇರಬೇಕು ಅನ್ನುತ್ತಾರೆ. ಅಂದರೆ ನಿಮ್ಮ ಮಿತಿ 2,000. ಬ್ರಾಂಕ್ಸ್‌ನಲ್ಲಿ ಹುಡುಕಿದರೆ ಒಂದು ಬೆಡ್‌ರೂಮ್ ಸಿಗುತ್ತದೆ, ಮ್ಯಾನ್‌ಹಟನ್‌ನಲ್ಲಿ ಆ ದುಡ್ಡಿಗೆ ಒಂದೇ ಕೋಣೆಯ ಸ್ಟುಡಿಯೋ ಸಿಗೋದೂ ಕಷ್ಟ. ಆಸ್ಪತ್ರೆಗೆ ಸ್ವಂತ ವಸತಿ ಇದ್ದರೆ ಮ್ಯಾಚ್ ಆದ ವಾರವೇ ಅರ್ಜಿ ಹಾಕಿಸಿ. ಚಿಕ್ಕದಾದರೂ ಕ್ರೆಡಿಟ್ ಇತಿಹಾಸ (ಅಲ್ಲಿ ಹಿಂದೆ ಸಾಲ ತೀರಿಸಿದ ದಾಖಲೆ) ಕೇಳೋ ತಂಟೆ ಇರೋದಿಲ್ಲ. ಹೊರಗೆ ಹಿಡಿದರೆ ಅಡ್ವಾನ್ಸ್ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ, ಅರ್ಜಿ ಶುಲ್ಕ 20 ಡಾಲರ್ ಮೀರುವಂತಿಲ್ಲ. 2025ರ ಜೂನ್‌ನಿಂದ ಬ್ರೋಕರ್ ದುಡ್ಡು ಅವರನ್ನು ಗೊತ್ತು ಮಾಡಿದವರೇ ಕೊಡಬೇಕು. ಇದಕ್ಕಿಂತ ಹೆಚ್ಚು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಬಾಡಿಗೆ, ಅಡ್ವಾನ್ಸ್, ಹಾಸಿಗೆ, ಪಾತ್ರೆ, ಸಂಬಳ ಬರೋವರೆಗಿನ ಊಟ ಎಲ್ಲ ಸೇರಿ 7,000 ಡಾಲರ್ ಕೈಯಲ್ಲಿರಲಿ.

ನ್ಯೂಜೆರ್ಸಿಯ ಎಡಿಸನ್ ಕಡೆ ನಮ್ಮವರು ಜಾಸ್ತಿ, ಮನೆ ದೊಡ್ಡವು, ಅಲ್ಲಿಂದ ಓಡಾಡೋಣ ಅನ್ನೋ ಸಲಹೆ ಬರುತ್ತದೆ. ಬ್ರಾಂಕ್ಸ್ ಕೆಲಸಕ್ಕೆ ಅದು ಬೇಡವೇ ಬೇಡ. 27 ಗಂಟೆ ನಿಂತವರು ಎರಡು ಗಂಟೆ ಪಯಣ ಮಾಡಿದರೆ ಮನೆಯಲ್ಲಿ ಉಳಿಯೋದು ನಿದ್ದೆ ಮಾತ್ರ. ಆಸ್ಪತ್ರೆಗೆ 20 ನಿಮಿಷದ ನಡಿಗೆ, ಇಲ್ಲವೇ ಬದಲಿಸದೆ ಒಂದೇ ಟ್ರೈನ್. ಅಂಥ ರಾತ್ರಿ ಮುಗಿಸಿದವರು ಕಾರು ಓಡಿಸಬಾರದು. ದಣಿದ ರೆಸಿಡೆಂಟ್‌ಗಳು ಸುರಕ್ಷಿತವಾಗಿ ಮನೆ ಸೇರಲು ಆಸ್ಪತ್ರೆಯೇ ಏರ್ಪಾಡು ಮಾಡಬೇಕೆಂಬ ನಿಯಮವಿದೆ, ಕೇಳಿ ಪಡೆಯಲಿ.

ಒಂದು ಬೆಡ್‌ರೂಮ್ ಮನೆಯಲ್ಲಿ ಬೆಡ್‌ರೂಮ್ ಹಗಲು ಮಲಗುವವರಿಗೆ. ನೈಟ್ ಫ್ಲೋಟ್ (ಸತತ ರಾತ್ರಿ ಪಾಳಿ) ವಾರಗಳಲ್ಲಿ ಅವರು ಬೆಳಿಗ್ಗೆ 8ಕ್ಕೆ ಬಂದು ಸಂಜೆ 4ರವರೆಗೆ ಮಲಗಬೇಕು. ದಪ್ಪ ಕಪ್ಪು ಪರದೆ ಹಾಕಿ, ಮಗುವಿನ ಬಟ್ಟೆ, ಆಟಿಕೆ, ಔಷಧಿ ಒಂದೂ ಆ ಕೋಣೆಯಲ್ಲಿ ಇಡಬೇಡಿ. ಸಾಕ್ಸ್ ಹುಡುಕಲು ಬಾಗಿಲು ತೆಗೆದರೂ ಅವರ ನಿದ್ದೆ ಹೋಯಿತು. 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದರೆ, ಮೂರಕ್ಕಿಂತ ಕಡಿಮೆ ಇಲ್ಲದಷ್ಟು ಮನೆಗಳ ಕಟ್ಟಡದಲ್ಲಿ ಮಾಲೀಕರೇ ಕಿಟಕಿಗೆ ಗಾರ್ಡ್ ಹಾಕಿಸಬೇಕು. ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡೋದೂ ಅವರದ್ದೇ ಹೊಣೆ, ಮಾಡದಿದ್ದರೆ ನಗರದ ದೂರು ಸಂಖ್ಯೆ 311ಕ್ಕೆ ಫೋನ್ ಮಾಡಿ.

ನಿಮ್ಮ ಕೆಲಸದ ಬಗ್ಗೆ ಆಸೆ ಹದದಲ್ಲಿರಲಿ. ಜೆ-1ನವರ ಹೆಂಡತಿಯಾಗಿ ನಿಮಗೆ ಬರೋ ಜೆ-2 ವೀಸಾಗೆ ಕೆಲಸದ ಪರವಾನಗಿ ಸಿಗುತ್ತದೆ. ಆದರೆ ಅದಕ್ಕೆ ಐ-765 ಅನ್ನೋ ಅರ್ಜಿ ಅಲ್ಲಿ ಇಳಿದ ಮೇಲೇ ಹಾಕಬೇಕು, ಬರಲು ತಿಂಗಳುಗಟ್ಟಲೆ. ಡಿಎಸ್-2019 (ಜೆ ವೀಸಾಕ್ಕೆ ಆಧಾರವಾದ ಪತ್ರ) ವರ್ಷ ವರ್ಷ ಹೊಸದಾಗುವ ಕಾರಣ ಪರವಾನಗಿಯ ಕಾರ್ಡೂ ಅಷ್ಟಕ್ಕೇ ಸೀಮಿತ. ಕೈಗೆ ಬಂದಾಗ ಏಳೆಂಟು ತಿಂಗಳು ಉಳಿದಿರುತ್ತದೆ, ಅಷ್ಟರಲ್ಲಿ ಮತ್ತೆ ಅರ್ಜಿ. ಹಾಗಾಗಿ ಮೊದಲ ವರ್ಷದ ಬಜೆಟ್‌ನಲ್ಲಿ ನಿಮ್ಮ ಸಂಬಳ ಸೊನ್ನೆ ಅಂತಲೇ ಬರೆಯಿರಿ. ಓದಲು ಮಾತ್ರ ಯಾವ ಪರವಾನಗಿಯೂ ಬೇಡ.

ಅತ್ತೆ ಮಾವ ಬಂದರೆ ನೋಡಿಕೊಳ್ಳುತ್ತಾರೆ ಅಂತ ಡೇಕೇರ್ ಲೆಕ್ಕ ಬಿಡಬೇಡಿ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು, ಅದನ್ನು ನಿರ್ಧರಿಸೋರು ಏರ್‌ಪೋರ್ಟ್ ಅಧಿಕಾರಿ. ಬಳ್ಳಾರಿಯ ಬಿಸಿಲಿಗೆ ಒಗ್ಗಿದವರನ್ನು ಜನವರಿಯಲ್ಲಿ ಕರೆಸಿದರೆ ಮೊಮ್ಮಗಳ ಜೊತೆ ಅವರೂ ಮನೆಯೊಳಗೇ.

ಊಟದ್ದು ಅಂಥ ಕಷ್ಟವಿಲ್ಲ. ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಚೀಲದಲ್ಲಿ ಹಳೆಯದಾದ ಹಿಟ್ಟಿಗೆ ಜಿಗಿ ಇರೋದಿಲ್ಲ, ರೊಟ್ಟಿ ಅಂಚು ಬಿರಿಯುತ್ತದೆ. ಕುದಿಯೋ ಎಸರು ಹಾಕಿ ಬಿಸಿ ಇರುವಾಗಲೇ ಚೆನ್ನಾಗಿ ನಾದಿ. ಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗಿದರೆ ಕಿಟಕಿ ತೆಗೆಯಿರಿ, ಕಾರಿಡಾರ್ ಬಾಗಿಲು ತೆಗೆಯಬೇಡಿ, ಹೊಗೆ ಅಲ್ಲಿಗೂ ಹೋಗಿ ಇಡೀ ಮಹಡಿ ಎದ್ದೀತು. ರಾತ್ರಿ ಪಾಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿದರೆ ಮೈಕ್ರೋವೇವ್ ಹಂಗಿಲ್ಲ. ಮಗಳ ಡಬ್ಬಿಗೆ ಮಾತ್ರ ಶೇಂಗಾ ಹಾಕೋ ಮುಂಚೆ ಶಾಲೆಯಲ್ಲಿ ಕೇಳಿ, ಬಹಳ ಕಡೆ ನಿಷಿದ್ಧ.

ಕೊಪ್ಪಳ ಕಡೆಯ ಮಕ್ಕಳ ಡಾಕ್ಟರೊಬ್ಬರು ಸೇರಿಸಿದ್ದು: ಲಸಿಕೆ ವಿಷಯ ಊರಲ್ಲಿರುವಾಗಲೇ ಮುಗಿಸ್ರಿ. ತಾಯಿ ಕಾರ್ಡ್ ತುಂಬ ಇದ್ದರೂ ಅಲ್ಲಿ ಅರ್ಧ ಲೆಕ್ಕಕ್ಕೆ ಬರೋದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ 9 ತಿಂಗಳಿಗೆ ಹಾಕಿದ ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಒಂದು ವರ್ಷದೊಳಗಿನದು, ಎಣಿಸೋದಿಲ್ಲ. ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆಯೂ ಇಲ್ಲ, ಆದ್ದರಿಂದ ಎಂಎಂಆರ್ ಹಾಕಿಸಬೇಕು. ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ತಡೆಯುವ ವ್ಯಾರಿಸೆಲ್ಲಾ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅದನ್ನು ದುಡ್ಡು ಕೊಟ್ಟು ಹಾಕಿಸಬೇಕು. ಇವೆರಡನ್ನೂ ಒಂದೇ ದಿನ ಕೊಡಬಹುದು, ಇಲ್ಲವೇ 28 ದಿನದ ಅಂತರ ಬೇಕು. 2016ರ ಏಪ್ರಿಲ್ ನಂತರದ ಪೋಲಿಯೊ ಹನಿಗಳನ್ನು ಅಮೆರಿಕದಲ್ಲಿ ಒಪ್ಪೋದಿಲ್ಲ, ಎಷ್ಟು ಸಲ ಪಲ್ಸ್ ಪೋಲಿಯೊ ಬೂತಿಗೆ ಹೋಗಿದ್ದರೂ ಅಷ್ಟೇ. ಪೂರ್ಣ ಪ್ರಮಾಣದ ಐಪಿವಿ ಅನ್ನೋ ಪೋಲಿಯೊ ಇಂಜೆಕ್ಷನ್ ಬೇಕು, ಪ್ರಿ-ಕೆಗೆ ಮೂರು. ಡೋಸ್‌ಗಳ ನಡುವೆ ವಾರಗಟ್ಟಲೆ ಅಂತರ ಇರುವುದರಿಂದ ಏಪ್ರಿಲ್‌ನಲ್ಲೇ ಶುರು ಮಾಡಿದರೆ ಆಗಸ್ಟಿಗೆ ಕೈಗೆಟುಕುತ್ತದೆ. ಉಳಿದದ್ದಕ್ಕೆ ಹೊರದೇಶದಿಂದ ಬಂದ ಮಕ್ಕಳಿಗೆ ಶಾಲೆ 30 ದಿನದವರೆಗೆ ಸಮಯ ಕೊಡಬಹುದು, ಅಪಾಯಿಂಟ್‌ಮೆಂಟ್ ತೋರಿಸಿದರೆ. ನ್ಯೂಯಾರ್ಕ್‌ನಲ್ಲಿ ಧರ್ಮದ ಕಾರಣ ಹೇಳಿ ತಪ್ಪಿಸಿಕೊಳ್ಳೋದು 2019ರಲ್ಲೇ ನಿಂತಿದೆ. ಡಾಕ್ಟರ ಲೆಟರ್‌ಹೆಡ್ ಮೇಲೆ ಲಸಿಕೆ ಹೆಸರು ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿ. ತಾರೀಖಿನಲ್ಲಿ ತಿಂಗಳನ್ನು ಅಂಕಿಯಲ್ಲಿ ಬೇಡ, ಹೆಸರಿನಲ್ಲೇ ಬರೆಸ್ರಿ. 05/08 ಅಂದರೆ ಅಲ್ಲಿ ಮೇ 8 ಅಂತ ಓದುತ್ತಾರೆ, ಅಂತರ ತಪ್ಪಿತೆಂದು ಅದೇ ಡೋಸ್ ಮತ್ತೆ ಚುಚ್ಚುತ್ತಾರೆ.